ಒಲೆಗೊಂದು ಶೆಡ್ಡು

ಮೊಮ್ಮಕ್ಕಳೇ, ಭೂಕಂಪದಲ್ಲಿ ನಿಮ್ಮಜ್ಜ ಹೋದ ಮೇಲೆ ಉಮರ್ಗಾ ಹತ್ತಿರದ ನಮ್ಮೂರಲ್ಲಿ ಒಲೆ ಎಣಿಸಿ, ಒಲೆಗೊಂದು ತಗಡಿನ ಶೆಡ್ಡು ಕೊಟ್ಟರು. ನಮ್ಮಲ್ಲಿ ನಾನು, ನಿಮ್ಮಪ್ಪ ಇಬ್ಬರೇ. ಪಕ್ಕದ ಶೆಡ್ಡಿನಲ್ಲಿ ಹದಿನಾಲ್ಕು ಜನ. ಒಲೆ ಬೇರೆ ಮಾಡಿದ್ದರೆ ಅವರಿಗೆ ಇನ್ನೊಂದು ಶೆಡ್ಡು ಸಿಗುತ್ತಿತ್ತು; ಆದರೆ ಆ ಮನೆಯ ಮುದುಕಿ, “ನಾ ಇರೂತನಾ ಒಲಿ ಎರಡು ಆಗಂಗಿಲ್ಲ” ಎಂದು ಹಟ ಹಿಡಿದು, ಜಾಗ ಸಾಲದೆ ತಾನೇ ಹೊರಗೆ ಮಲಗುತ್ತಿದ್ದಳು.

ನಿಮ್ಮಪ್ಪ ಭೂಗೋಳ ಓದುತ್ತಾ, “ಅವ್ವಾ, ನಾವು ಸಣ್ಣ ದ್ವೀಪ ಮಾರಿಷಸ್, ಅವರು ಮಂದಿ ತುಂಬಿದ ನೈಜೀರಿಯಾ. ಜಗತ್ತಿನ ದೇಶಗಳ ಸಭಾದಾಗ ಇಬ್ಬರಿಗೂ ಒಂದೊಂದ ಮತ” ಎಂದು ನಗುತ್ತಿದ್ದ. ಮುದುಕಿಯನ್ನು ನಮ್ಮ ಶೆಡ್ಡಿನೊಳಗೆ ಮಲಗಲು ಕರೆಯಬೇಕೆಂದು ದಿನವೂ ಅಂದುಕೊಂಡೆ; ಸಂಕೋಚದಿಂದ ಬಾಯಿ ಬರಲಿಲ್ಲ.

ಚಳಿಗಾಲದಲ್ಲಿ ಆಕೆ ತೀರಿಕೊಂಡಳು. “ನೀವು ಕರೀತೀರಂತ ಅತ್ತಿ ಹಾದಿ ನೋಡತಿದ್ರು ಅಕ್ಕಾ” ಎಂದಳು ಆಕೆಯ ಸೊಸೆ. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ. ನಿಮಗೆಂದು ಬರೆದ ಈ ಹಾಳೆಗಳನ್ನು ಜೋಪಾನವಾಗಿಡಿ.