ಅಕ್ಕ ಗೇಟಿನ ಮುಂದೆ ನಿಂತಿದ್ದ ಹೊತ್ತು

ಸತ್ತವರು ಬಂದು ಕಾಣಿಸಿಕೊಳ್ಳುತ್ತಾರೆ ಎಂಬ ಮಾತಿನಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಊಟದ ಹೊತ್ತಿನಲ್ಲಿ ಜೊತೆಯವರು ಯಾರಾದರೂ ಅಂಥ ಕಥೆ ತೆಗೆದರೆ, ಡಬ್ಬಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದವಳು ನಾನು. ಈಗ ನಂಬುತ್ತೀಯಾ ಎಂದು ನೀವು ಕೇಳಿದರೆ ಹೌದು ಎನ್ನಲೂ ಆಗುವುದಿಲ್ಲ, ಇಲ್ಲ ಎನ್ನಲೂ ಆಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಇಷ್ಟು ದಿನ ಯಾರಿಗೂ ಪೂರ್ತಿ ಹೇಳಿಲ್ಲ.

ಮನೆಯಲ್ಲಿ ಇದ್ದವರು ನಾವಿಬ್ಬರೇ, ನಾನು ಮತ್ತು ನನ್ನ ಅಕ್ಕ. ಕಲಬುರಗಿ ಕಡೆಯವರು. ಅವ್ವ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಕ್ಕ ಆಗಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಅವಳಿಗಿನ್ನೂ ಇಪ್ಪತ್ತೊಂದು. ರವಿಕೆ ಹೊಲಿದು ನನ್ನನ್ನು ಡಿಪ್ಲೊಮಾ ಓದಿಸಿದಳು. ನನಗೆ ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದಾಗ ಹೊಲಿಗೆ ಯಂತ್ರದ ಸಮೇತ ಅವಳನ್ನು ಕರೆದುಕೊಂಡು ಬಂದೆ. ಮುಂದೆ ಅಲ್ಲೇ ನಾಚಾರಂ ಬಡಾವಣೆಯಲ್ಲಿ ಒಂದು ಚಿಕ್ಕ ಮನೆ ಮಾಡಿಕೊಂಡೆವು. ನಾನು ಮದುವೆಯಾಗಲಿಲ್ಲ. ಹೊರಗೆ ತೆಲುಗು, ಹಿಂದಿ ಆಡಿ ದಣಿದು ಬಂದರೆ ಒಳಗೆ ಅಕ್ಕನ ಮಾತು ಇರುತ್ತಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ವಯಸ್ಸಾಗುತ್ತ ಅಕ್ಕನಿಗೆ ಬಿಪಿ ಬಂತು, ಮರೆವೂ ಬಂತು. ಎರಡು ಸಲ ಗೇಟು ತೆರೆದಿಟ್ಟು ಹೊರಗೆ ಹೋಗಿದ್ದಳು. ಒಂದು ಸಲ ಅವಳು ದಾರಿ ತಪ್ಪಿದಾಗ ತರಕಾರಿ ಮಾರುವಾಕೆ ಕೈಹಿಡಿದು ಮನೆಗೆ ತಂದು ಬಿಟ್ಟಳು. ನನಗೆ ಹೆದರಿಕೆಯಾಗಿ ಗೇಟಿನ ಮೇಲೆ ಒಂದು ಕ್ಯಾಮೆರಾ ಹಾಕಿಸಿದೆ. ಗೇಟಿನ ಬಳಿ ಯಾರಾದರೂ ಓಡಾಡಿದಾಗ ಮಾತ್ರ ಅದು ವೀಡಿಯೊ ಚಿತ್ರ ಹಿಡಿಯುತ್ತಿತ್ತು. ಚಿತ್ರಗಳು ಹಾಲ್‌ನಲ್ಲಿ ಟಿವಿ ಪಕ್ಕದ ಪೆಟ್ಟಿಗೆಯೊಂದರಲ್ಲಿ ಉಳಿಯುತ್ತಿದ್ದವು. ಕೆಲಸದ ನಡುವೆ ನಾನು ಫೋನಿನಲ್ಲಿ ನೋಡಿಕೊಳ್ಳುತ್ತಿದ್ದೆ. ಅಕ್ಕನಿಗೆ ಅದು ಸೇರುತ್ತಿರಲಿಲ್ಲ. ಅದರ ಕೆಳಗೆ ಹಾಯುವಾಗ ಸೆರಗನ್ನು ಮುಖಕ್ಕೆ ಎಳೆದುಕೊಂಡು, ಪರಗಂಡಸಿನ ಮುಂದೆ ಹೋಗುವ ಹಾಗೆ ಹೋಗುತ್ತಿದ್ದಳು.

ಆ ಶನಿವಾರ ಹನ್ನೊಂದು ಇಪ್ಪತ್ತಕ್ಕೆ ಕಾರ್ಖಾನೆಯಿಂದ ಫೋನು ಮಾಡಿದೆ. ಮನೆಯಲ್ಲೇ ಇದ್ದೇನೆ, ಅನ್ನಕ್ಕೆ ಇಟ್ಟಿದ್ದೇನೆ ಎಂದಳು. ಸಂಜೆ ಕ್ಯಾಮೆರಾದಲ್ಲಿ ನೋಡಿದರೆ ಅವಳು ಹನ್ನೊಂದು ಐದಕ್ಕೇ ಗೇಟು ದಾಟಿ ಹೋಗಿದ್ದಳು. ಬಿಸಿಲಿಗೆ ಹೊರಗೆ ಹೋಗಬೇಡವೆಂದು ಡಾಕ್ಟರು ಹೇಳಿದ್ದರು. ಹೋದದ್ದಕ್ಕಿಂತ ಅವಳು ನನಗೆ ಸುಳ್ಳು ಹೇಳಿದಳೆಂಬುದೇ ನನ್ನನ್ನು ಚುಚ್ಚಿತು. ಭಾನುವಾರ ಊಟಕ್ಕೆ ಮುಂಚೆ ಅದನ್ನೇ ಎತ್ತಿದೆ.

"ನೀ ಫೋನ್ ಮಾಡಿದಾಗ ನಾ ಒಲಿ ಮುಂದ ನಿಂತಿದ್ದೆನವ್ವಾ. ಆಮ್ಯಾಲೆ ಹೋದೆ, ಗುಂಡಿ ತರಾಕ," ಅಂದಳು.

"ಕ್ಯಾಮೆರಾದಾಗ ಟೈಮ್ ಬಂದೈತಿ ಅಕ್ಕಾ. ಅದಕ್ಕೇನು ಸುಳ್ಳ ಹೇಳಾಕ ಬರ್ತೈತೇನು?"

"ಅದಕ್ಕ ಬರೂದಿಲ್ಲ, ನನಗ ಬರ್ತೈತಿ ಹೌದಲ್ಲ?" ಅವಳ ದನಿ ಏರಲಿಲ್ಲ. "ಅದರ ಟೈಮೇ ಸುಳ್ಳೈತಿ. ನಾ ಭಾಳ ದಿನದಿಂದ ನೋಡಾಕತ್ತೀನಿ."

ನಾನು ನಕ್ಕೆ. ಆ ನಗು ಈಗಲೂ ನನಗೆ ಕೇಳಿಸುತ್ತದೆ. "ನಿನಗ ನಿನ್ನೆ ಉಂಡದ್ದು ನೆನಪಿರೂದಿಲ್ಲ, ಯಂತ್ರದ ತಪ್ಪ ಹಿಡೀತಿ," ಎಂದುಬಿಟ್ಟೆ.

ಅಕ್ಕ ಎದ್ದು ಒಳಗೆ ಹೋದಳು. ಒಂದು ಕೈಚೀಲಕ್ಕೆ ಎರಡು ಸೀರೆ ತುಂಬಿಕೊಂಡಳು. ಕಲಬುರಗಿಯ ಸೋದರಮಾವನ ಮನೆಗೆ ಹೋಗುತ್ತೇನೆ ಎಂದಳು. ಮುಂಬಾಗಿಲಿಗೆ ಬಂದವಳು ಕ್ಯಾಮೆರಾ ನೆನಪಾಗಿ ತಿರುಗಿ, "ನಾ ಹೋಗೂದೂ ಅದು ಬರಕೊಳ್ಳೂದು ಬ್ಯಾಡ," ಎಂದು ಹಿತ್ತಲ ಬಾಗಿಲಿನಿಂದ ಹೋದಳು. ಆಗ ಹನ್ನೆರಡು ದಾಟಿತ್ತು. ಕೋಪ ಇಳಿದರೆ ರಸ್ತೆಯ ತುದಿಯಿಂದಲೇ ಬರುತ್ತಾಳೆ ಅಂದುಕೊಂಡು ನಾನು ತಡೆಯಲಿಲ್ಲ. ಹಿಂದಿನ ಕೋಣೆಗೆ ಹೋಗಿ ಕೂಲರ್ ಹಾಕಿಕೊಂಡು ಮಲಗಿದೆ. ಅಳುತ್ತ ಅಳುತ್ತ ಹಾಗೇ ನಿದ್ದೆಹೋದೆ. ಆ ದಿನ ನಮ್ಮ ಓಣಿಯಲ್ಲಿ ಕರೆಂಟು ಹೋಗಿ ಹೋಗಿ ಬರುತ್ತಿತ್ತು. ನಡುವೆ ಸೆಕೆಗೆ ಒಂದೆರಡು ಸಲ ಎಚ್ಚರವಾದ ನೆನಪು, ಅಷ್ಟೇ.

ಎದ್ದಾಗ ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ. ಅಕ್ಕ ಬಂದಿರಲಿಲ್ಲ. ಅವಳ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಹಾಲ್‌ಗೆ ಬಂದು ಫೋನಿನಲ್ಲಿ ಪೆಟ್ಟಿಗೆಯ ಸಮಯ ತೋರಿಸುವ ಪುಟ ತೆರೆದೆ. ಅದು ಹಿಂದಿತ್ತು. ಅಕ್ಕ ಹೇಳಿದ್ದು ನಿಜವಾಗಿತ್ತು. ಶನಿವಾರ ಅವಳು ನನ್ನ ಫೋನು ಮುಗಿಸಿ, ಅನ್ನ ಇಳಿಸಿಯೇ ಹೋಗಿದ್ದಳು. ಕಣ್ಣು ತುಂಬಿ ಬಂತು. ಫೋನಿನ ಸಮಯಕ್ಕೆ ಹೊಂದಿಸು ಎಂಬ ಒಂದು ಗುಂಡಿ ಆ ಪುಟದಲ್ಲೇ ಇತ್ತು. ಒತ್ತಿದೆ. ಸಮಯ ಸರಿಯಾಯಿತು. ಹಿಂದಿದೆ ಎಂಬುದಷ್ಟೇ ನನಗೆ ಕಂಡಿತ್ತು. ಎಷ್ಟು ಹಿಂದಿದೆ ಎಂದು ನಾನು ನೋಡಿರಲಿಲ್ಲ.

ಕೂಡಲೇ ಅಕ್ಕನಿಗೆ ಫೋನು ಮಾಡಿದೆ. ನೀನೇ ಖರೆ, ನಾನೇ ತಪ್ಪು ಎಂದು ಹೇಳಬೇಕಿತ್ತು. ಎತ್ತಿದ್ದು ಬೇರೆ ಹೆಂಗಸು.

"ತಂಗಿ ಏನ್ರಿ ನೀವು? ಲಗೂನ ಬರ್ರಿ. ಸಿಕಂದರಾಬಾದ್ ಸ್ಟೇಷನ್ನಿಗೆ ಬರ್ರಿ. ನಾವೂ ನಿಮಗ ಫೋನ್ ಹಚ್ಚಾಕತ್ತಿದ್ವಿ, ಇದರಾಗ ನಂಬರ್ ಹುಡುಕಾಕ ತಿಳೀವಲ್ದಾಗಿತ್ತು."

ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆಂಚಿನ ಮೇಲೆ ಕೂತಲ್ಲೇ ಅಕ್ಕ ಪಕ್ಕಕ್ಕೆ ವಾಲಿದ್ದಳಂತೆ. ಜೀವ ಹೋದದ್ದು ಎರಡೂವರೆಗೆ ಎಂದು ಡಾಕ್ಟರು ಕಾಗದದಲ್ಲಿ ಬರೆದಿದ್ದರು. ಫೋನು ಎತ್ತಿದವರು ರಾಯಚೂರಿಗೆ ಹೊರಟಿದ್ದ ಗಂಡ ಹೆಂಡತಿ. ರೈಲು ಬಿಟ್ಟು ಅಕ್ಕನ ಪಕ್ಕದಲ್ಲೇ ನಿಂತಿದ್ದರು. ಅವಳ ಚೀಲದಲ್ಲಿ ಟಿಕೆಟ್ ಇರಲಿಲ್ಲ. ಆ ಹೆಂಗಸು ನನ್ನ ಬೆನ್ನು ಸವರುತ್ತ ಹೇಳಿದಳು: "ಟಿಕೆಟ್ ತೆಗಸ್ಲೇನ್ರಿ ಅಂತ ನಮ್ಮವರು ಕೇಳಿದರವ್ವಾ. ಬ್ಯಾಡ್ರಿ, ನನ್ನ ತಂಗಿ ಕರಿಯಾಕ ಬರ್ತಾಳ ಅಂದರು."

ಕ್ರಿಯೆಗಳೆಲ್ಲ ಮುಗಿದು ಎರಡು ವಾರವಾದ ಮೇಲೆ, ಅಕ್ಕನ ಮುಖ ಒಂದು ಸಲ ನೋಡಬೇಕೆನಿಸಿ ಪೆಟ್ಟಿಗೆ ತೆರೆದೆ. ಆ ಭಾನುವಾರದ ಚಿತ್ರಗಳನ್ನು ಒಂದೊಂದಾಗಿ ನೋಡಿದೆ. ಬೆಳಗ್ಗೆ ಹಾಲಿನವನು, ಆಮೇಲೆ ಕಸದ ಗಾಡಿ. ಅದರ ಮುಂದಿನದನ್ನು ತೆರೆದೆ.

ಗೇಟಿನ ಹೊರಗೆ ಅಕ್ಕ ನಿಂತಿದ್ದಳು. ಬೆಳಗ್ಗೆ ಉಟ್ಟಿದ್ದ ಅದೇ ಹಸಿರು ಇಳಕಲ್ ಸೀರೆ. ಕೈಯಲ್ಲಿ ಚೀಲವಿರಲಿಲ್ಲ. ಎಂದೂ ಕ್ಯಾಮೆರಾದ ಕಡೆ ಕಣ್ಣೆತ್ತದವಳು ಈಗ ಸೆರಗು ಹಿಂದಕ್ಕೆ ಸರಿಸಿ, ಮುಖ ಮೇಲೆತ್ತಿ ನೇರ ನನ್ನನ್ನೇ ನೋಡುವ ಹಾಗೆ ನೋಡಿದಳು. ಏನೋ ಅಂದಳು. ಆ ಕ್ಯಾಮೆರಾದಲ್ಲಿ ದನಿ ಬರುವುದಿಲ್ಲ. ಸ್ವಲ್ಪ ಹೊತ್ತು ಕಾದಳು. ಆಮೇಲೆ ಗೇಟಿನ ಸರಳು ಸವರಿ ಹೊರಟುಹೋದಳು. ಮೂಲೆಯಲ್ಲಿ ಸಮಯ ಹನ್ನೆರಡು ಐವತ್ತು. ಅದು ಆ ಸುಳ್ಳು ಗಡಿಯಾರದ ಹನ್ನೆರಡು ಐವತ್ತು. ಅದರ ಮುಂದಿನ ಚಿತ್ರದಲ್ಲಿ ನಾನೇ ಚಪ್ಪಲಿ ಇಲ್ಲದೆ ಗೇಟು ದಾಟಿ ಓಡುತ್ತಿದ್ದೇನೆ. ಅಲ್ಲಿ ಸಮಯ ಸರಿಯಿದೆ.

ಕ್ಯಾಮೆರಾ ಹಾಕಿದವರನ್ನು ಕರೆಸಿದೆ. ಬೀದರದವರು, ನನಗಿಂತ ಹಿರಿಯರು. ಪೆಟ್ಟಿಗೆ ಬಿಚ್ಚಿ ಒಳಗಿನ ಬಿಲ್ಲೆಯಂಥ ಸೆಲ್ ತೆಗೆದು ತೋರಿಸಿದರು. "ಇದು ಸತ್ತೈತ್ರಿ ಮೇಡಂ. ಕರೆಂಟ್ ಹೋದಾಗ ಗಡಿಯಾರ ನಿಲ್ಲತೈತಿ, ಬಂದ ಮ್ಯಾಲೆ ನಿಂತಲ್ಲಿಂದನ ಓಡತೈತಿ. ಹೋದಷ್ಟು ಸಲ ಹಿಂದ ಬೀಳತೈತಿ."

ಅಂದರೆ ಅಕ್ಕ ಗೇಟಿಗೆ ಬಂದದ್ದು ನಿಜಕ್ಕೂ ಎಷ್ಟು ಹೊತ್ತಿಗೆ ಎಂದು ಕೇಳಿದೆ. ಅವರು, "ನೀವು ಟೈಮ್ ಸರಿ ಮಾಡುವಾಗ ಎಷ್ಟು ಹಿಂದ ಇತ್ತು, ಅದನ್ನ ಹೇಳ್ರಿ. ಸುಮಾರಾಗಿ ಹೇಳಬಹುದು," ಎಂದರು.

ಕಾರ್ಖಾನೆಯಲ್ಲಿ ನನ್ನ ಕೆಲಸವೇ ಅಳತೆಯ ಉಪಕರಣಗಳನ್ನು ತಿದ್ದುವುದು. ತಿದ್ದುವ ಮುಂಚೆ ತಪ್ಪು ಎಷ್ಟಿದೆ ಎಂದು ಬರೆದಿಡಬೇಕು, ಬರೆಯದೆ ತಿದ್ದಿದರೆ ಹಿಂದಿನ ಅಳತೆಗಳೆಲ್ಲ ಗೊತ್ತಿಲ್ಲದವಾಗುತ್ತವೆ ಎಂದು ಹೊಸಬರಿಗೆ ಕಲಿಸುವವಳು ನಾನು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಆ ತಪ್ಪು ಮಾಡಿರಲಿಲ್ಲ. ನನ್ನ ಅಕ್ಕನ ವಿಷಯದಲ್ಲಿ ಮಾಡಿದೆ.

ಆದರೂ ಲೆಕ್ಕ ಹಾಕಿದೆ. ಹಾಲಿನವನನ್ನು ಕೇಳಿದೆ. ಅವನು ಹೇಳಿದ ಹೊತ್ತನ್ನು ಅವನ ಚಿತ್ರದ ಮೂಲೆಯ ಹೊತ್ತಿನೊಡನೆ ಹೋಲಿಸಿದರೆ, ಬೆಳಗ್ಗೆಯೇ ಗಡಿಯಾರ ನಲವತ್ತು ನಿಮಿಷ ಹಿಂದಿತ್ತು. ಹಾಗಾದರೆ ಅಕ್ಕ ಗೇಟಿಗೆ ಬಂದದ್ದು ಒಂದೂವರೆಗಿಂತ ಮುಂಚೆ ಅಲ್ಲ. ನಾನು ಮೂರಕ್ಕೆ ಗುಂಡಿ ಒತ್ತಿದ್ದರಿಂದ ಮೂರರ ನಂತರವೂ ಅಲ್ಲ. ಆ ನಡುವೆ ಕರೆಂಟು ಎಷ್ಟು ಹೊತ್ತು ಹೋಗಿತ್ತೆಂದು ಓಣಿಯಲ್ಲಿ ವಿಚಾರಿಸಿದೆ. ಎದುರು ಮನೆಯವರು ಹತ್ತು ನಿಮಿಷ ಎಂದರು. ಅವರ ಪಕ್ಕದವರು ಒಂದು ತಾಸಿಗೂ ಮೇಲೆ ಎಂದರು. ಕೊನೆಗೆ ರಾಯಚೂರಿನ ಆ ಹೆಂಗಸಿಗೆ ಫೋನು ಮಾಡಿದೆ. ಅಕ್ಕ ಎಷ್ಟು ಹೊತ್ತು ನಿಮ್ಮ ಪಕ್ಕ ಕೂತಿದ್ದಳು ಎಂದೆ.

"ಭಾಳ ಹೊತ್ತು ಕುಂತಿದ್ದರವ್ವಾ. ನೀರಿಗೂ ಏಳಲಿಲ್ಲ."

"ಒಂದು ತಾಸು ಆಗಿತ್ತೇನ್ರಿ?"

"ಆಗಿರಬಹುದು. ಗಡಿಯಾರ ಯಾರು ನೋಡಿದ್ದರು?"

ಒಂದು ತಾಸು ಕೂತಿದ್ದರೆ ಒಂದೂವರೆಗೆ ಅಕ್ಕ ಸ್ಟೇಷನ್ನಿನಲ್ಲಿ ಇದ್ದಳು. ಹಾಗಾದರೆ ಗೇಟಿಗೆ ಬಂದದ್ದು ಎರಡೂವರೆಯ ನಂತರ, ಅವಳ ಉಸಿರು ನಿಂತ ಮೇಲೆ. ಅರ್ಧ ತಾಸು ಮಾತ್ರ ಕೂತಿದ್ದರೆ, ಸ್ಟೇಷನ್ನಿಗೆ ಹೋಗುವ ಮುಂಚೆ ಜೀವಂತ ಅಕ್ಕ ಕೋಪ ಇಳಿದು ಮನೆಗೆ ಬಂದಿದ್ದಳು. ಚೀಲವನ್ನು ಕಾಯುತ್ತಿದ್ದ ಆಟೋದಲ್ಲೇ ಇಟ್ಟು ಇಳಿದಿರಬಹುದು. ಗಂಟೆ ಒತ್ತಿರಬಹುದು. ನಾನು ಕೂಲರ್ ಸದ್ದಿನಲ್ಲಿ ಮಲಗಿದ್ದೆ.

ಅವಳ ತುಟಿಗಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊದಲು ತುಟಿ ಕೂಡುತ್ತವೆ, ಆಮೇಲೆ ತೆರೆಯುತ್ತವೆ. "ಬಾಗಲಾ ತಗಿಯವ್ವಾ" ಎಂದರೂ ಹಾಗೇ ಕಾಣುತ್ತದೆ, "ಬರ್ತೀನವ್ವಾ" ಎಂದರೂ ಹಾಗೇ ಕಾಣುತ್ತದೆ. ಕನ್ನಡಿಯ ಮುಂದೆ ನಿಂತು ಎರಡನ್ನೂ ಅಂದು ನೋಡಿದ್ದೇನೆ. ತಿಳಿಯಲಿಲ್ಲ.

ನನಗೆ ಗೊತ್ತಿರುವುದು ಇಷ್ಟೇ. ಸತ್ತ ಮೇಲೆ ಅವಳು ನನಗೆ ಹೇಳಿ ಹೋಗಲು ಬಂದಿದ್ದಳು ಎಂದುಕೊಂಡ ದಿನ ಎರಡು ತುತ್ತು ಉಣ್ಣುತ್ತೇನೆ. ಬದುಕಿರುವಾಗ ಬಂದು, ಗೇಟಿನ ಹೊರಗೆ ಕಾದು, ನಾನು ಬಾಗಿಲು ತೆಗೆಯಲಿಲ್ಲವೆಂದು ತಿರುಗಿ ಹೋದಳು ಎನಿಸಿದ ದಿನ ಆ ಗೇಟು ದಾಟಿ ಕೆಲಸಕ್ಕೆ ಹೋಗಲು ನನ್ನಿಂದ ಆಗುವುದಿಲ್ಲ.