ಅಮಾವಾಸ್ಯೆಗೊಂದು ಹಾಡು

ಬನಹಟ್ಟಿಯ ನೇಕಾರ ವಿಜಯನ ಹಾಡುಗಳಿಗೆ ಅವಸರವೆಂಬುದೇ ಇರಲಿಲ್ಲ. ಗಿಟಾರಿನ ತಂತಿಗಳನ್ನು ಸಡಿಲಿಸಿ ಸಡಿಲಿಸಿ ದನಿಯನ್ನು ಹೊಟ್ಟೆಯ ತಳಕ್ಕೆ ಇಳಿಸಿಬಿಡುತ್ತಿದ್ದ. ಒಂದು ಪೆಟ್ಟು ಹೊಡೆದರೆ ಅದು ಪೂರ್ತಿ ಸಾಯುವ ತನಕ ಇನ್ನೊಂದಕ್ಕೆ ಕೈ ಎತ್ತುತ್ತಿರಲಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ಡಿಪ್ಲೊಮಾ ಓದುವಾಗ ಹತ್ತಿದ ಗೀಳು ಅದು. ಗ್ರಂಜ್, ಸ್ಟೋನರ್, ಡೂಮ್ ಎಂದೆಲ್ಲ ರಾಕ್ ಸಂಗೀತದ ಬಗೆಗಳ ಹೆಸರು ಹೇಳುತ್ತಿದ್ದ. ತಾಯಿ ಪದ್ಮವ್ವನಿಗೆ ಎಲ್ಲವೂ ಒಂದೇ.

“ಎಮ್ಮಿ ಈಯಾಕ ಆಗದ ನರಳಿದಂಗ ಆಕೈತಿ,” ಎನ್ನುತ್ತಿದ್ದಳು.

“ಹಂಗಾರ ಛಲೋ ಬಂದೈತಿ ಬೇ.”

ಮನೆಯಲ್ಲೇ ರೆಕಾರ್ಡ್ ಮಾಡುತ್ತಿದ್ದ ಆಲ್ಬಮ್ಮಿಗೆ ಅವನಿಟ್ಟ ಹೆಸರು ‘ಹಿನ್ನೀರು’. ಪದ್ಮವ್ವನ ತವರು ಬೀಳಗಿ ಕಡೆಯದು, ಆಲಮಟ್ಟಿಯ ಹಿನ್ನೀರಿಗೆ ಹೋದ ಊರು. ನೀರು ನುಗ್ಗಿ ಬರಲಿಲ್ಲ, ದಿನಾ ಇಷ್ಟಿಷ್ಟೇ ಏರಿತು, ಮಂದಿ ನೋಡುತ್ತ ಕೂತರು ಎಂದು ಅವಳು ಯಾವಾಗಲೋ ಹೇಳಿದ್ದಳು. ಆ ಏರುವ ನೀರಿನ ನಡಿಗೆಯೇ ಅವನ ಹಾಡುಗಳದ್ದೂ.

ಮನೆಯ ಹಿಂದೆ ನಾಲ್ಕು ಪಾವರ್‌ಲೂಮ್, ಓಣಿಯ ತುಂಬ ಅವೇ. ಅವು ನಡೆಯುವಾಗ ರೆಕಾರ್ಡಿಂಗ್ ಮಾತೇ ಇಲ್ಲ. ಕರೆಂಟು ಹೋಗಿ ಅವು ನಿಂತರೆ ಗಿಟಾರೂ ಮೂಗ. ಕರೆಂಟೂ ಇದ್ದು ಓಣಿಯೂ ಸುಮ್ಮನಿರುವುದು ಅಮಾವಾಸ್ಯೆಯ ದಿನ ಮಾತ್ರ. ಅಂದು ಮಗ್ಗಕ್ಕೆ ಕಾಯಿ ಒಡೆದು ಸೂಟಿ. ಹಾಗಾಗಿ ಅಮಾವಾಸ್ಯೆಗೊಂದು ಹಾಡು. ಡ್ರಮ್ ಬಾರಿಸಲು ಮಹಾಲಿಂಗಪುರದಿಂದ ಬರುತ್ತಿದ್ದ ಗೆಳೆಯ ಸಂಜು ಪ್ರತಿ ಸಲವೂ ಅದನ್ನೇ ಅನ್ನುವವನು: “ಮಂದಿ ಅಮಾಸಿಗೆ ದೆವ್ವ ಬಿಡಸ್ತಾರ, ನೀ ಹಿಡಸಾಕತ್ತೀಯಲ್ಲೋ ಮಗನ!”

ವಿಜಯನ ಹೆಂಡತಿ ಪೂರ್ಣಿಮಾ ಹುಬ್ಬಳ್ಳಿಯಲ್ಲಿ ಓದಿದವಳು. ಹೆರಿಗೆಗೆ ತವರಿಗೆ ಹೋಗಿ, ಐದು ತಿಂಗಳ ಭಾಗ್ಯಾಳನ್ನು ಎತ್ತಿಕೊಂಡು ಬಂದ ದಿನದಿಂದ ಅವಳಿಗೆ ಒಂದೇ ದಿಗಿಲು. ಈ ಮಗ್ಗದ ಸದ್ದಿಗೆ ಕೂಸಿನ ಕಿವಿ ಏನಾದೀತು? ಹತ್ತಿ ಇಟ್ಟಳು, ಮೇಲೆ ಕುಂಚಿಗೆ ಕಟ್ಟಿದಳು. ಕೂಸು ಮಾತ್ರ ಮಗ್ಗದ ಗೋಡೆಯ ಪಕ್ಕ, ಕೌದಿಯ ಮೇಲೆ ಗಡದ್ದಾಗಿ ಮಲಗುತ್ತಿತ್ತು.

“ನೇಕಾರ್ ಮನಿ ಕೂಸಂದ್ರ ಇದು ನೋಡವಾ,” ಎಂದಳು ನೆರೆಮನೆಯ ಸೋಮವ್ವ. “ಒಂದಿನಾನೂ ಬೆಚ್ಚಲಿಲ್ಲ. ನಮ್ಮವು ವಾರಗಟ್ಲೆ ಹೊಯ್ಕೊಂಡಿದ್ವು.”

ಓಣಿಯೆಲ್ಲ ಹೊಗಳಿತು. ಒಂದು ದಿನವೂ ಬೆಚ್ಚಲಿಲ್ಲ ಎಂಬ ಮಾತು ಪೂರ್ಣಿಮಾಳಿಗೆ ಮಾತ್ರ ಚುಚ್ಚಿತು. ಕೇಳಿಸಿದ್ದರೆ ಬೆಚ್ಚಬೇಕಿತ್ತಲ್ಲ? ಆದರೆ ಹೋದ ಅಮಾವಾಸ್ಯೆ ಮಗ್ಗಗಳು ನಿಂತದ್ದೇ ತಡ, ಕೂಸು ಎದ್ದು ಅತ್ತಿತ್ತು.

“ಸದ್ದು ನಿಂತದ್ದು ತಿಳೀತಂದಮ್ಯಾಲ ಕಿವಿ ಅದಾವಿಲ್ಲೋ? ಸುಮ್ನ ಏನರ ಹಚ್ಕೋಬ್ಯಾಡ,” ಎಂದಿದ್ದಳು ಪದ್ಮವ್ವ. ಆ ಮಾತನ್ನೇ ಹಿಡಿದುಕೊಂಡು ಪೂರ್ಣಿಮಾ ತಿಂಗಳು ದೂಡಿದಳು.

ಈ ಅಮಾವಾಸ್ಯೆಗೆ ಕೊನೆಯ ಹಾಡು. ಸಂಜು ತನ್ನ ಪಾಲಿನದನ್ನು ಬಾರಿಸಿ ಊಟ ಮಾಡಿ ಹೋಗಿದ್ದ. ಇನ್ನುಳಿದದ್ದು ಗಿಟಾರು. ದೊಡ್ಡ ಸ್ಪೀಕರು ನೆಲದ ಮೇಲಿತ್ತು. ಸ್ವಲ್ಪ ದೂರದಲ್ಲಿ ಕೌದಿಯ ಮೇಲೆ ಭಾಗ್ಯಾ ಬೋರಲು ಬಿದ್ದಿದ್ದಳು. ವಿಜಯ ಮೊದಲ ಪೆಟ್ಟು ಹೊಡೆದ. ಕೂಸು ಕಣ್ಣರಳಿಸಿ, ನೆಲಕ್ಕೆ ಎರಡೂ ಅಂಗೈ ಬಡಿದು ನಕ್ಕಿತು.

ಕೇಳಿಸುತ್ತದೆ! ಪೂರ್ಣಿಮಾಳ ಜೀವ ತಣ್ಣಗಾಯಿತು. ಓಡಿಬಂದು ಬಾಚಿ ಎತ್ತಿಕೊಂಡಳು.

ನಗು ನಿಂತಿತು.

ಗಿಟಾರಿನ ದನಿ ಇನ್ನೂ ಕೋಣೆಯ ತುಂಬ ಇತ್ತು, ಕಿಟಕಿಯ ಗಾಜು ಗುಂಯ್ ಎನ್ನುತ್ತಿತ್ತು. ಕೂಸು ಮಾತ್ರ ಏನೂ ಇಲ್ಲದ ಹಾಗೆ ಅವಳ ತಾಳಿಯನ್ನು ಬಾಯಿಗಿಟ್ಟುಕೊಂಡಿತು. ಕೆಳಗೆ ಬಿಟ್ಟಳು, ನಕ್ಕಿತು. ಎತ್ತಿದಳು, ಸುಮ್ಮನಾಯಿತು. ಅಡುಗೆಮನೆಯಿಂದ ತಾಟು, ಚಮಚ ತಂದು, ಕೂಸಿನ ತಲೆಯ ಹಿಂದೆ ಎತ್ತಿ ಹಿಡಿದು ಬಾರಿಸಿದಳು. ಕೂಸು ತಿರುಗಿ ನೋಡಲಿಲ್ಲ.

“ಏ, ರೆಕಾರ್ಡ್ ಆಗಾಕತ್ತೈತಿ!” ವಿಜಯ ರೇಗಿದ.

“ಕೂಸಿಗೆ ನೆಲ ನಡಗೂದು ತಿಳಿಯಾಕತ್ತೈತ್ರಿ. ಸದ್ದಲ್ಲ.”

“ಏನಂದಿ?”

“ಮಗ್ಗಾನೂ ಹಂಗ ತಿಳೀತಿತ್ತು. ನಿಂತ್ರ ನೆಲ ನಿಲ್ತಿತ್ತಲ್ಲ.”

ಅವಳ ದನಿಯಲ್ಲಿ ಏನೂ ಇರಲಿಲ್ಲ. ವಿಜಯ ಗಿಟಾರು ಇಳಿಸಿ, ಕೂಸಿನ ಬೆನ್ನ ಹಿಂದೆ ಕೂತ. “ಭಾಗ್ಯಾ,” ಎಂದ. ಆಮೇಲೆ ಇನ್ನೂ ಗಟ್ಟಿಯಾಗಿ. ಆಮೇಲೆ ಗಂಟಲು ಹರಿಯುವ ಹಾಗೆ ಕೂಗಿದ.

ಪದ್ಮವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. “ಕೂಸಿನ ಮ್ಯಾಲ ಹಿಂಗ ಒದರ್ತಾರೇನೋ ಮೂಳಾ! ಅಂಜಂಗಿಲ್ಲೇನು ಅದು?”

ಕೂಸು ಅಂಜಿರಲಿಲ್ಲ. ತನ್ನ ಬೆರಳು ಚೀಪುತ್ತಿತ್ತು. ಪದ್ಮವ್ವ ಅದನ್ನು ನೋಡಿದಳು, ಮಗನನ್ನು ನೋಡಿದಳು, ಬಾಗಿಲ ಬಳಿಯೇ ಕುಕ್ಕರಿಸಿದಳು.

“ನಾಳಿ ಬೆಳಗಾವಿಗೆ ಹೋಗೂಣ್ರಿ. ಕಿವಿ ಡಾಕ್ಟರ್ ಕಡೆ,” ಎಂದಳು ಪೂರ್ಣಿಮಾ.

“ಹೂಂ.”

ಭಾಗ್ಯಾ ನೆಲಕ್ಕೆ ಅಂಗೈ ಬಡಿದಳು. ಕಾದಳು. ಮತ್ತೆ ಬಡಿದಳು.

“ಬಾರಸ್ರಿ,” ಎಂದಳು ಪೂರ್ಣಿಮಾ. “ಕೇಳಾಕತ್ತಾಳ.”

ವಿಜಯ ಗಿಟಾರು ಎತ್ತಿಕೊಂಡ. ರೆಕಾರ್ಡ್ ಆಗುತ್ತಿದೆಯೋ ಇಲ್ಲವೋ ನೋಡಲಿಲ್ಲ. ಪೂರ್ಣಿಮಾ ಮಗಳ ಪಕ್ಕದಲ್ಲಿ ಬೋರಲು ಮಲಗಿ, ಬರಿಯ ನೆಲದ ಮೇಲೆ ಅಂಗೈ ಇಟ್ಟಳು. ಅವಳಿಗೆ ಅಳು ಬರಲಿಲ್ಲ. ಅಂಗೈಗೆ ಏನೋ ತಾಗಿತು, ದೂರದಲ್ಲೆಲ್ಲೋ ಲಾರಿ ಹೋದ ಹಾಗೆ. ಮಗಳಿಗೆ ಸಿಗುವುದು ಇಷ್ಟೇನಾ ಅನ್ನಿಸಿತು. ಪಕ್ಕದಲ್ಲಿ ಕೂಸು ನಗುತ್ತಲೇ ಇತ್ತು.