ಬೆಂಗಳೂರಿನಲ್ಲಿದ್ದುಕೊಂಡೇ ಬ್ಯಾಡಗಿಗೆ

ಮಂಗಳವಾರ ಬೆಳಗಿನ ಹುಬ್ಬಳ್ಳಿ ರೈಲು ಹತ್ತಿದಾಗ ನನ್ನ ಬಳಿ ಎರಡು ಚೀಲಗಳಿದ್ದವು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಕಚೇರಿಯ ಲ್ಯಾಪ್‌ಟಾಪ್. ಕಚೇರಿಯವರ ಲೆಕ್ಕದಲ್ಲಿ ಆ ಹೊತ್ತಿಗೆ ನಾನು ಜಯನಗರದ ನನ್ನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ.

ಎರಡು ಸಾವಿರದ ಎಂಟರ ಚಳಿಗಾಲ ಅದು. ನಾನು ಬಟ್ಟೆ ಒಗೆಯುವ ಯಂತ್ರಗಳ ಕೈಪಿಡಿ ಬರೆಯುವ ಕೆಲಸದಲ್ಲಿದ್ದೆ. ಮನೆಯಿಂದ ಕೆಲಸ ಮಾಡಲು ನಮ್ಮ ತಂಡದ ಕೆಲವರಿಗೆ ಅನುಮತಿ ಇತ್ತು. ಆದರೆ ಮನೆ ಎಂದರೆ ಬೆಂಗಳೂರಿನ ಮನೆ. ಕರೆದರೆ ಒಂದು ಗಂಟೆಯೊಳಗೆ ಕಚೇರಿಯಲ್ಲಿ ಇರಬೇಕು. ಆ ವಾರ ಕೈಪಿಡಿ ಮುಗಿಸಿಕೊಡುವ ಗಡುವು ಇದ್ದದ್ದರಿಂದ ಯಾರಿಗೂ ರಜೆ ಇರಲಿಲ್ಲ. ಮಂಗಳವಾರ ಬೆಳಗಿನ ಅರ್ಧ ದಿನ ಸಿಕ್ಕಿದ್ದೇ ದೊಡ್ಡದು.

ಅದೇ ವಾರ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನನ್ನ ಗೆಳತಿ ನಸೀಮಾ ತನ್ನ ಹೆಸರಿನಲ್ಲಿ ದಲಾಲಿ ಅಂಗಡಿ ತೆರೆಯುವವಳಿದ್ದಳು. ಧಾರವಾಡದ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದವರು ನಾವು. ಅವಳ ತಂದೆ ಮೂವತ್ತು ವರ್ಷ ಅದೇ ಅಂಗಡಿಯಲ್ಲಿ ಕೂತವರು, ಈಗ ಮೊಣಕಾಲು ನೋವಿನಿಂದ ಮನೆ ಹಿಡಿದಿದ್ದರು. ಅವರ ಸಾಲಿನ ಅಂಗಡಿಗಳಲ್ಲಿ ಹೆಂಗಸೊಬ್ಬಳು ಮಾಲೀಕರ ಗಾದಿಯ ಮೇಲೆ ಕೂತದ್ದಿರಲಿಲ್ಲ. ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ: "ಗುರುವಾರ ಪೇಟೆ ಐತಿ. ರೈತರು ಬರ್ತಾರೋ ಇಲ್ಲೋ ಗೊತ್ತಿಲ್ಲ. ನೀ ಒಬ್ಬಾಕಿ ಆದ್ರೂ ಬಾ."

ಉಪಾಯ ಹೇಳಿಕೊಟ್ಟವನು ನನ್ನ ತಮ್ಮ ಸುಧೀಂದ್ರ. ಮನೆಯ ಕಂಪ್ಯೂಟರನ್ನು ಅವನು ಚಾಲೂ ಇಟ್ಟಿರುತ್ತಾನೆ. ನಾನು ಎಲ್ಲಿದ್ದರೂ ಮೊದಲು ಆ ಕಂಪ್ಯೂಟರಿಗೆ ಹೋಗಬೇಕು, ಅಲ್ಲಿಂದ ಕಂಪನಿಯ ವಿಪಿಎನ್ ಎಂಬ ಖಾಸಗಿ ದಾರಿಯ ಮೂಲಕ ಕಚೇರಿಗೆ. ಆಗ ಕಚೇರಿಗೆ ಕಾಣುವುದು ನನ್ನ ಜಯನಗರದ ಮನೆ ಮಾತ್ರ. ಕೇಳಿದಾಗ ಬಹಳ ಸುಲಭ ಅನ್ನಿಸಿತು.

ಹರಿಹರ ದಾಟಿ ತುಂಗಭದ್ರೆಯ ಸೇತುವೆ ಬಂತು. ಕುಮಾರಪಟ್ಟಣದ ಕಾರ್ಖಾನೆಯ ವಾಸನೆ ಬೋಗಿಯೊಳಗೆ ನುಗ್ಗುವ ಹೊತ್ತಿಗೆ ಇಂಟರ್ನೆಟ್ಟಿಗೆಂದು ಲ್ಯಾಪ್‌ಟಾಪಿಗೆ ಚುಚ್ಚಿದ್ದ ಡೇಟಾ ಕಾರ್ಡಿನ ದೀಪ ಕೆಂಪಾಗಿ, ಸಂಪರ್ಕ ನಿಂತಿತು. ಒಂದು ಗಂಟೆಗೆ ನಾನು ಕಚೇರಿಯ ಪರದೆಯ ಮೇಲೆ ಕಾಣಿಸಿಕೊಳ್ಳಲೇಬೇಕು. ಹಾವೇರಿಗೆ ಟಿಕೆಟ್ ಇದ್ದರೂ ರಾಣೆಬೆನ್ನೂರಿನಲ್ಲೇ ಇಳಿದು, ಆಟೋ ಹಿಡಿದು, ಬಸ್ ನಿಲ್ದಾಣದ ಬಳಿ ಒಂದು ಸೈಬರ್ ಕೆಫೆ ಹುಡುಕಿದೆ.

ಅದರ ಮಾಲೀಕರು ಐವತ್ತರ ಆಸುಪಾಸಿನ ಸಮಾಧಾನದ ಮನುಷ್ಯ. ತಮ್ಮ ಕಂಪ್ಯೂಟರಿನ ತಂತಿ ಕಿತ್ತು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿಕೊಟ್ಟರು, ಚಹಾ ತರಿಸಿದರು, ಆಮೇಲೆ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡರು. ನಾನು ಏನು ಮಾಡುತ್ತಿದ್ದೇನೆ ಎಂದು ವಿವರಿಸಿದೆ.

"ಅಂದ್ರ ಮೇಡಂ, ನೀವು ರಾಣೆಬೆನ್ನೂರಾಗ ಕುಂತು, ಬೆಂಗಳೂರಿನ ಮನಿಗೆ ಹೋಗಿ, ಅಲ್ಲಿಂದ ಬೆಂಗಳೂರಿನ ಆಫೀಸಿಗೆ ಹೊಂಟೀರಿ?"

"ಹೌದು."

"ಖರೇ ಹೇಳಿ ಬಂದಿದ್ರ ಇಷ್ಟು ತಿರುಗಾಟ ಇರ್ತಿರಲಿಲ್ಲ ನೋಡ್ರಿ," ಎಂದು ನಕ್ಕರು. ನಾನೂ ನಕ್ಕೆ. ಮೂರು ಗಂಟೆ ಕೆಲಸ ಮಾಡಿ, ಮಿರ್ಚಿ ಮಂಡಕ್ಕಿ ತಿಂದು, ಸಂಜೆಯ ಬಸ್ಸಿನಲ್ಲಿ ಹಾವೇರಿ ಸೇರಿದೆ.

ಹಾವೇರಿಯಲ್ಲಿ ಉಳಿದದ್ದು ನಸೀಮಾಳ ಅಕ್ಕ ರೆಹಾನಾ ಅವರ ಮನೆಯಲ್ಲಿ. ಅವರ ಮನೆಗೆ ಬ್ರಾಡ್‌ಬ್ಯಾಂಡ್ ಬಂದು ಎರಡು ತಿಂಗಳಾಗಿತ್ತು. ಬುಧವಾರ ಬೆಳಿಗ್ಗೆ ಜಗಲಿಯ ಕೋಣೆಯಲ್ಲಿ ಬಿಸಿಲು ಕಾಯುತ್ತ ಕೆಲಸ ಶುರು ಮಾಡಿದೆ. ಎದುರು ಮನೆಯ ಹೆಂಗಸರು ಏಲಕ್ಕಿ ಹಾರ ಪೋಣಿಸುತ್ತಿದ್ದರು, ಗಾಳಿ ಬೀಸಿದಾಗಲೆಲ್ಲ ಘಮ ನನ್ನ ಮೇಜಿನವರೆಗೆ ಬರುತ್ತಿತ್ತು. ಹನ್ನೆರಡರ ಹೊತ್ತಿಗೆ ಪರದೆ ಸತ್ತಂತೆ ನಿಂತುಬಿಟ್ಟಿತು. ಗಾಬರಿಯಿಂದ ತಮ್ಮನಿಗೆ ಫೋನ್ ಮಾಡಿದೆ.

"ಕರೆಂಟ್ ಹೋಗಿದೆ ಕಣೇ," ಎಂದ.

ರೆಹಾನಾ ಅಕ್ಕ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮ ಹಾವೇರ್ಯಾಗ ಕರೆಂಟ್ ಐತಿ, ನಿಮ್ಮ ಬೆಂಗಳೂರಾಗ ಹೋಗೇತಿ! ಇದನ್ನ ನಾ ಓಣಿ ತುಂಬಾ ಹೇಳಾಕಿ."

ಮುಕ್ಕಾಲು ಗಂಟೆಯ ನಂತರ ಸಂಪರ್ಕ ಮರಳಿದಾಗ ನನ್ನ ಮೇಲಧಿಕಾರಿ ವಿನಯಾ ಮೇಡಂ ಅವರ ಪ್ರಶ್ನೆ ಕಾದಿತ್ತು: ಎಲ್ಲಿಗೆ ಹೋಗಿದ್ದಿರಿ? "ಮನೆಯಲ್ಲಿ ಕರೆಂಟ್ ಹೋಗಿತ್ತು," ಎಂದು ಬರೆದೆ. ಆ ಎರಡು ದಿನಗಳಲ್ಲಿ ನಾನು ಕಚೇರಿಗೆ ಹೇಳಿದ ಒಂದೇ ಒಂದು ನಿಜ ಅದು.

ಗುರುವಾರ ನಸುಕಿನ ಬಸ್ಸಿಗೆ ಬ್ಯಾಡಗಿಗೆ ಹೋದೆ. ಊರು ಇನ್ನೂ ದೂರವಿರುವಾಗಲೇ ಮೂಗಿಗೆ ತಿಳಿಯಿತು. ಮಾರುಕಟ್ಟೆಯ ಒಳಗೆ ಎಲ್ಲಿ ನೋಡಿದರೂ ಕೆಂಪು. ಚೀಲಗಳ ಸಾಲುಗಳ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ನಸೀಮಾ ತಲೆಗೆ ದುಪಟ್ಟಾ ಬಿಗಿದುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಅಕ್ಕಪಕ್ಕದ ಅಂಗಡಿಗಳ ಮುಂದೆ ಚೀಲಗಳು ಆಳೆತ್ತರ ಏರಿದ್ದವು. ಅವಳ ಅಂಗಳ ಗುಡಿಸಿದ್ದು ಗುಡಿಸಿದಂತೆಯೇ ಇತ್ತು. ನನ್ನನ್ನು ತಬ್ಬಿಕೊಂಡಳು.

ಏಳೂವರೆಗೆ ಗುತ್ತಲದ ಕಡೆಯ ಒಂದು ಟ್ರ್ಯಾಕ್ಟರ್ ನಿಧಾನವಾಗಿ ಬಂದು ಎದುರಿಗೆ ನಿಂತಿತು. ಪಟಕ ಸುತ್ತಿದ ರೈತರೊಬ್ಬರು ಇಳಿಯದೆ ಕೇಳಿದರು: "ನಿಮ್ಮ ಅಪ್ಪಾರು ಎಲ್ಲಿ ಅದಾರವಾ?"

"ಮನ್ಯಾಗ ಅದಾರ್ರಿ ಕಾಕಾ. ಈಗ ಅಂಗಡಿ ನಂದು."

ಅವರು ಅಂಗಡಿಯ ಫಲಕ ನೋಡಿದರು, ಅವಳನ್ನು ನೋಡಿದರು, ಪಕ್ಕದ ಅಂಗಡಿಯವರನ್ನೂ ಒಮ್ಮೆ ನೋಡಿದರು. "ಆತು. ಅವರಂಗ ತೂಕ ನೆಟ್ಟಗ ಹಿಡೀತಿ ಅಂದ್ರ ನನಗೇನು. ಇಳಸ್ರೋ ಚೀಲ!"

ಒಬ್ಬರು ಇಳಿಸಿದ ಮೇಲೆ ಇನ್ನಿಬ್ಬರು ಬಂದರು. ಹತ್ತರ ಹೊತ್ತಿಗೆ ಅರವತ್ತು ಚೀಲ ಬಾಯಿ ಬಿಚ್ಚಿ ಕೂತಿದ್ದವು. ಖರೀದಿದಾರರು ಬಂದು ಕಾಯಿ ಮುರಿದು ನೋಡಿ, ಮನಸ್ಸಿಗೆ ಬಂದ ದರವನ್ನು ಚೀಟಿಯಲ್ಲಿ ಬರೆದು ಹಾಕಿ ಹೋಗತೊಡಗಿದರು.

ಹನ್ನೊಂದಕ್ಕೆ ನನ್ನ ಫೋನ್ ಮೀಟಿಂಗ್. ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ವಿನಯಾ ಮೇಡಂ ಒಗೆಯುವ ನೀರಿನ ಉಷ್ಣತೆಯ ಬಗ್ಗೆ ಏನೋ ಕೇಳಿದರು. ಉತ್ತರಿಸಲು ಬಾಯಿ ತೆರೆದೆ, ಸೀನು ಬಂತು. ಒಂದಲ್ಲ, ಆರು. ಹೊರಗೆ ಯಾರೋ ಚೀಲ ಕೊಡವಿದರು. ಅವರೂ ಸೀನಿದರು, ಅವರ ಪಕ್ಕದವರೂ ಸೀನಿದರು, ಕಿಟಕಿಯಾಚೆ ಮಾರುಕಟ್ಟೆಯ ಒಂದು ಸಾಲೇ ಸೀನಿತು.

"ಸುಮಾ, ಮನೆಯಲ್ಲಿ ಎಲ್ಲರಿಗೂ ನೆಗಡಿನಾ?"

"ಹೌದು ಮೇಡಂ," ಎಂದುಬಿಟ್ಟೆ.

ಉಳಿದವರೆಲ್ಲ ಮೀಟಿಂಗ್ ಬಿಟ್ಟ ಮೇಲೆ ಅವರು ನನ್ನನ್ನು ತಡೆದರು. "ನೀವು ಮಲಗಿ. ಇವತ್ತಿನ ನಿಮ್ಮ ಪುಟಗಳನ್ನ ನಾನೇ ಮುಗಿಸ್ತೀನಿ. ಸಂಜೆ ಮನೆಗೆ ಹೋಗ್ತಾ ನಿಮ್ಮಲ್ಲಿಗೆ ಬಂದು ಮೆಣಸಿನ ಸಾರು ಕೊಟ್ಟು ಹೋಗ್ತೀನಿ. ಜಯನಗರ ನನಗೆ ದಾರೀನೇ."

ಬೈದಿದ್ದರೆ ಇನ್ನೊಂದು ಸುಳ್ಳು ಹುಟ್ಟುತ್ತಿತ್ತೇನೋ. ಆ ಸಾರಿನ ಮಾತಿಗೆ ಸುಳ್ಳು ಹೊಳೆಯಲಿಲ್ಲ. "ಮೇಡಂ, ನನಗೆ ನೆಗಡಿ ಇಲ್ಲ. ನಾನು ಬ್ಯಾಡಗಿಯಲ್ಲಿದ್ದೀನಿ," ಎಂದೆ. ರೈಲು, ತಮ್ಮನ ಕಂಪ್ಯೂಟರು, ನಸೀಮಾ, ಅರವತ್ತು ಚೀಲ, ಎಲ್ಲವನ್ನೂ ಹೇಳಿದೆ.

"ರಜೆ ಕೇಳುವಾಗ ಕಾರಣ ಯಾಕೆ ಹೇಳಲಿಲ್ಲ?" ಎಂದರು.

"ಗೆಳತಿಯ ಅಂಗಡಿ ಅಂದರೆ ಕೊಡುತ್ತಿರಲಿಲ್ಲ ಅಂದುಕೊಂಡೆ."

"ಕೊಡ್ತಿರಲಿಲ್ಲ," ಎಂದರು. ಅವರೂ ಸುಳ್ಳು ಹೇಳಲಿಲ್ಲ. "ಪುಟಗಳು ಮೂರು ಗಂಟೆಗೆ ಬರಲಿ. ನಾಳೆ ರಜೆ ಹಾಕಿ. ಸೋಮವಾರದಿಂದ ಮೂರು ತಿಂಗಳು ದಿನಾ ಆಫೀಸಿಗೇ ಬರಬೇಕು." ಫೋನ್ ಇಡುವ ಮೊದಲು, "ದರ ಎಷ್ಟು ಬಂತು ಅಂತ ತಿಳಿಸಿ," ಎಂದರು.

ಕೋಣೆಯಿಂದ ಹೊರಬಂದಾಗ ಎಷ್ಟು ಹಗುರವಾಗಿದ್ದೆನೆಂದರೆ, ನಸೀಮಾ ನನ್ನ ಮುಖ ನೋಡಿ, "ಏನವ್ವಾ, ಪ್ರಮೋಷನ್ ಆತೇನು?" ಎಂದು ಕೇಳಿದಳು. ಆದದ್ದನ್ನು ಹೇಳಿದೆ. ಅವಳು ಚೀಲದ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನೀರಿಗೆ ಮೆಣಸಿನಕಾಯಿಯ ಪಾಲೂ ಇತ್ತು.

ಬ್ಯಾಡಗಿಯಲ್ಲಿ ಡೇಟಾ ಕಾರ್ಡಿನ ದೀಪ ಹಸಿರಾಗಿತ್ತು, ಪುಟಗಳನ್ನು ಎರಡೂ ಮುಕ್ಕಾಲಿಗೆ ಕಳಿಸಿದೆ. ಅಷ್ಟರಲ್ಲಿ ದರದ ಪಟ್ಟಿ ಬಂತು. ಗುತ್ತಲದ ಕಾಕಾನ ಮಾಲಿಗೆ ಆ ಸಾಲಿನಲ್ಲೇ ಎಲ್ಲರಿಗಿಂತ ಹೆಚ್ಚಿನ ದರ ಬಂದಿತ್ತು. ಕಾಕಾ ಪಟ್ಟಿಯನ್ನು ಎರಡು ಸಲ ಓದಿಸಿ ಕೇಳಿ, "ಮುಂದಿನ ಪ್ಯಾಟಿಗೆ ನಮ್ಮ ತಮ್ಮನ ಮಾಲೂ ಇಲ್ಲೇ ತರ್ತೇನಿ," ಎಂದರು. ವಿನಯಾ ಮೇಡಂ ಅವರಿಗೆ ಮೆಸೇಜ್ ಮಾಡಿದೆ. "ಭೇಷ್" ಎಂಬ ಒಂದೇ ಪದ ಮರಳಿ ಬಂತು. ಆ ಸಂಜೆ ನಸೀಮಾಳ ಮನೆಯಲ್ಲಿ ಎಣ್ಣೆಗಾಯಿ, ಬಿಸಿ ರೊಟ್ಟಿ, ಶೇಂಗಾ ಚಟ್ನಿ. ಅವಳ ತಂದೆ ಗೋಡೆಗೆ ಒರಗಿ ಕೂತು ಮಗಳ ಬಾಯಿಂದ ಇಡೀ ದಿನವನ್ನು ಚೀಲ ಚೀಲವಾಗಿ ಕೇಳಿಸಿಕೊಂಡರು.

ಶುಕ್ರವಾರ ಬೆಳಿಗ್ಗೆ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಅವಳು ಬೀಳ್ಕೊಡಲು ಬರಲಿಲ್ಲ, ಲಾರಿಗೆ ಮಾಲು ತುಂಬಿಸುವುದಿತ್ತು. ಬಸ್ಸು ಮಾರುಕಟ್ಟೆಯ ಗೇಟಿನ ಮುಂದೆ ಲಾರಿಗಳ ನಡುವೆ ಸಿಕ್ಕಿಕೊಂಡಾಗ ಕಿಟಕಿಯಿಂದ ಇಣುಕಿದೆ. ಚೀಲಗಳ ರಾಶಿಯ ಮೇಲೆ ನಿಂತು ನಸೀಮಾ ಒಂದು ಕೈ ಎತ್ತಿ ಬೀಸುತ್ತಿದ್ದಳು. ನಾನೂ ಕೈ ಬೀಸಿದೆ. ಆಮೇಲೆ ಗೊತ್ತಾಯಿತು, ಅವಳು ಕರೆಯುತ್ತಿದ್ದದ್ದು ಹಿಂದಕ್ಕೆ ಬರುತ್ತಿದ್ದ ಲಾರಿಯನ್ನು: "ಬರ್ಲಿ, ಬರ್ಲಿ, ಇನ್ನಷ್ಟು ಬರ್ಲಿ!"